ಚಕ್ರ ನಿಂತಲ್ಲಿಂದ ಮುಂದೆ

ಶಿರಸಿಯ ಮಾರಿಕಾಂಬೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ ಒದಗಿಬಂದಾಗ, ಹುಲೇಕಲ್ ಸೀಮೆಯ ಗೃಹಸ್ಥರು ಕಮಾನುಗಾಡಿಯೊಳಗೆ ಹುಲ್ಲು ಹರಡಿ, ಅದರ ಮೇಲೆ ಕಂಬಳಿ ಹಾಸಿ, ಅವಲಕ್ಕಿ ಬೆಲ್ಲದ ಗಂಟನ್ನೂ ಮಜ್ಜಿಗೆಯ ತಂಬಿಗೆಯನ್ನೂ ಮಕ್ಕಳ ಕಾಲಬಳಿ ಇಟ್ಟು, ಬೆಳ್ಳಿ ಮೂಡುವ ಹೊತ್ತಿಗೆ ಮನೆಯಂಗಳವನ್ನು ಬಿಟ್ಟು ಹೊರಡುತ್ತಿದ್ದರೆಂಬುದನ್ನು ನಾನು ನನ್ನ ಆಯಿಯ ಬಾಯಿಂದ ಅನೇಕ ಸಲ ಕೇಳಿದ್ದೇನೆ. ಆ ಪಯಣಕ್ಕೆ ಒಂದು ನಿಯಮವಿದ್ದಿತು. ದಾರಿ ಏರತೊಡಗಿದೊಡನೆ ಮುದುಕರನ್ನೂ ಹಸುಗೂಸುಗಳನ್ನೂ ಬಿಟ್ಟು ಉಳಿದವರೆಲ್ಲರೂ ಗಾಡಿಯಿಂದ ಇಳಿದು ನಡೆಯತಕ್ಕದ್ದು. ಎತ್ತುಗಳ ಹೆಗಲು ಹಗುರವಾಗತಕ್ಕದ್ದು. ಮಲೆನಾಡಿನ ದಾರಿಯಲ್ಲಿ ಏರುಗಳಿಗೆ ಕೊರತೆಯಿಲ್ಲವಾದ್ದರಿಂದ, ಹನ್ನೆರಡು ಕಿಲೋಮೀಟರಿನ ಆಸುಪಾಸಿನ ಆ ಹಾದಿಯ ಬಹುಭಾಗವನ್ನು ಮಕ್ಕಳು ಕಾಲ್ನಡಿಗೆಯಿಂದಲೇ ಕ್ರಮಿಸುತ್ತಿದ್ದರು. ಆದುದರಿಂದಲೇ ಎಂಬತ್ತರ ಸಮೀಪಕ್ಕೆ ಬಂದಿರುವ ಆಯಿಗೆ, ಆ ಹಾದಿಯ ಯಾವ ತಿರುವಿನಲ್ಲಿ ಯಾವ ಮರವಿತ್ತು, ಯಾವ ಹಳ್ಳದ ನೀರು ಬೇಸಿಗೆಯಲ್ಲಿಯೂ ಬತ್ತುತ್ತಿರಲಿಲ್ಲ ಎಂಬುದು ಇಂದಿಗೂ ಕಂಠಪಾಠವಾಗಿದೆ.

ಈ ಮಾತನ್ನು ಮೊದಲಿಗೇ ಎತ್ತಿಕೊಂಡುದಕ್ಕೆ ಕಾರಣವುಂಟು. ಈಚಿನ ವರ್ಷಗಳಲ್ಲಿ ಶನಿವಾರ ಭಾನುವಾರಗಳಂದು ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಿಂದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಡೆಗೆ ಸಂಸಾರ ಸಮೇತರಾಗಿ ಕಾರಿನಲ್ಲಿ ಬರುವವರ ಸಂಖ್ಯೆ ಕಣ್ಣಿಗೆ ಕಾಣುವಂತೆ ಹೆಚ್ಚಿದೆ. ಇದು ಸಂತೋಷದ ವಿಷಯವೇ. ನಗರದಲ್ಲಿ ಬೆಳೆದ ಮಕ್ಕಳು ಕಾಡನ್ನೂ ಹೊಳೆಯನ್ನೂ ತಂದೆತಾಯಿಗಳ ಜೊತೆಯಲ್ಲಿ ನೋಡುವುದಕ್ಕಿಂತ ಒಳ್ಳೆಯ ಶಿಕ್ಷಣ ಯಾವುದಿದ್ದೀತು? ಆದರೆ ಆ ಕಾರುಗಳಲ್ಲಿ ಏರು ಬಂದಾಗ ಇಳಿಯುವ ನಿಯಮವಿಲ್ಲ. ನಮ್ಮ ಸಂಸಾರವೂ ಮೊದಲ ಸಲ ಹಾಗೆಯೇ ಬಂದಿತು. ಎರಡು ದಿನಗಳಲ್ಲಿ ಯಾಣ, ಉಂಚಳ್ಳಿ, ಮಾಗೋಡು, ಸಾತೊಡ್ಡಿ, ಸಹಸ್ರಲಿಂಗ, ಬನವಾಸಿ ಇಷ್ಟನ್ನೂ ಮುಗಿಸಬೇಕೆಂದು ನಾನೇ ಕಾಗದದ ಮೇಲೆ ಬರೆದು ತಂದಿದ್ದೆ. ಇವು ಒಂದಕ್ಕೊಂದು ಎದುರು ದಿಕ್ಕಿನಲ್ಲಿರತಕ್ಕ ಸ್ಥಳಗಳು. ನಡುವೆ ಇರುವವು ಬಳಸುದಾರಿಗಳು. ಅಣ್ಣನ ಮಗಳು ತಿರುವು ತಿರುವಿಗೂ ಹೊಟ್ಟೆ ತೊಳಸಿ ವಾಂತಿ ಮಾಡಿಕೊಂಡಳು. ಆಯಿ, ಮೆಟ್ಟಿಲು ಇಳಿಯಲು ಸಮಯ ಸಾಲದೆಂದು, ಪ್ರತಿಯೊಂದು ಕಡೆಯಲ್ಲಿಯೂ ಕಾರಿನಲ್ಲಿಯೇ ಕುಳಿತು ನಮ್ಮ ದಾರಿ ಕಾದಳು. ತಾನು ಹುಟ್ಟಿ ನಡೆದಾಡಿದ ನಾಡಿಗೆ ಬಂದು, ನೆಲಕ್ಕೆ ಕಾಲೂರದೆ ಆಕೆ ಹಿಂದಿರುಗಿದಳೆಂಬ ವ್ಯಥೆ ನನ್ನನ್ನು ಬಹುಕಾಲ ಕಾಡಿತು.

ಮರುವರ್ಷ ಕಾರ್ತಿಕ ಮಾಸದಲ್ಲಿ ನಾವು ಪಟ್ಟಿಯನ್ನು ಮಾಡಲಿಲ್ಲ. ಹುಲೇಕಲ್ಲಿನ ಸಮೀಪದಲ್ಲಿರುವ ದೊಡ್ಡಪ್ಪನವರ ಮನೆಯಲ್ಲಿ ಐದು ದಿನ ಇಳಿದುಕೊಳ್ಳುವುದು, ಕಾರನ್ನು ಅಂಗಳದ ಹೊರಗಿನ ಹಲಸಿನ ಮರದಡಿ ನಿಲ್ಲಿಸುವುದು, ದಿನಕ್ಕೆ ಒಂದೇ ದಿಕ್ಕನ್ನು ಹಿಡಿಯುವುದು, ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ನಡಿಗೆಯೇ ಎಲ್ಲರ ನಡಿಗೆಯಾಗುವುದು, ಇಷ್ಟೇ ನಿಶ್ಚಯ. ಆ ಐದು ದಿನಗಳಲ್ಲಿ ನನಗೆ ತಿಳಿದುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ಹುಲೇಕಲ್ ಶಿರಸಿ ತಾಲೂಕಿನ ಒಂದು ಹೋಬಳಿ. ಪ್ರವಾಸಿಗರ ಕೈಪಿಡಿಗಳಲ್ಲಿ ಅದಕ್ಕೆ ಪ್ರತ್ಯೇಕವಾದ ಸ್ಥಾನವಿಲ್ಲ. ಜನರು ಅದನ್ನು ಹಾದುಹೋಗುತ್ತಾರೆ. ಆದರೆ ಶಾಲ್ಮಲೆ ನದಿಯ ಕಣಿವೆ, ಸೋಂದೆಯ ಮಠಗಳು, ಶಿವಗಂಗೆಯ ಜಲಪಾತದ ದಾರಿ, ಇವೆಲ್ಲಕ್ಕೂ ಸಲೀಸಾದ ನೆಲೆಯೆಂದರೆ ಈ ಊರೇ ಎಂಬುದು ನನ್ನ ಅಭಿಪ್ರಾಯ. ಮುಖ್ಯವಾಗಿ, ಮನೆಯ ಹಿತ್ತಿಲಿನಿಂದಲೇ ನಡಿಗೆಯನ್ನು ಪ್ರಾರಂಭಿಸಬಹುದಾದ ಊರು ಇದು. ಚಾರಣವೆಂದರೆ ಬೆನ್ನಿಗೆ ಚೀಲ ಬಿಗಿದು ಶಿಖರವನ್ನು ಹತ್ತುವುದೇ ಆಗಬೇಕೆಂದು ಯಾರು ವಿಧಿಸಿದರು? ಮನೆ, ತೋಟ, ಬೆಟ್ಟ, ಹೊಳೆ ಈ ನಾಲ್ಕನ್ನು ಒಂದು ಸುತ್ತು ಬಂದರೆ ಎರಡು ಮೂರು ಗಂಟೆಗಳ ಚಾರಣ ತಾನಾಗಿಯೇ ಸಿದ್ಧಿಸುತ್ತದೆ. ಎಂಟು ವರ್ಷದ ಮಗುವೂ ಎಂಬತ್ತರ ವೃದ್ಧೆಯೂ ಅದರಲ್ಲಿ ಪಾಲುಗೊಳ್ಳಬಹುದು.

ಮೊದಲ ದಿನ ದೊಡ್ಡಪ್ಪನವರು ನಮ್ಮನ್ನು ಕರೆದುಕೊಂಡು ಹೋದದ್ದು ಸೊಪ್ಪಿನ ಬೆಟ್ಟಕ್ಕೆ. ಈ ನಾಡಿನ ಭೂರಚನೆಯನ್ನು ಅರಿಯದೆ ಇಲ್ಲಿಯ ಕಾಡನ್ನು ನೋಡುವವರು ಅದನ್ನು ಬರಿಯ ಹಸುರೆಂದು ತಿಳಿದು ಮುಂದೆ ಸಾಗುತ್ತಾರೆ. ಇಳಿಜಾರಿನ ತಳದಲ್ಲಿ, ಎರಡು ಗುಡ್ಡಗಳು ಕೂಡುವ ತಂಪಾದ ಕಣಿವೆಯಲ್ಲಿ ಅಡಿಕೆಯ ತೋಟ. ಅದಕ್ಕಿಂತ ಕೊಂಚ ಮೇಲೆ ಮನೆ ಮತ್ತು ಕೊಟ್ಟಿಗೆ. ಮನೆಯ ಹಿಂದೆ ಮೇಲ್ಮುಖವಾಗಿ ಹಬ್ಬಿದ ಬೆಟ್ಟ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಸೊಪ್ಪು, ದರಕು ಎಂಬ ಒಣ ಎಲೆ, ಹುಲ್ಲುಗಳಿಗಾಗಿ ತೋಟಿಗರು ಬಳಸಿಕೊಳ್ಳಬಹುದೆಂಬ ಹಕ್ಕು ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ನೆಲ ಅರಣ್ಯದ್ದು, ಉಪಭೋಗ ರೈತನದು. ಮತ್ತಿ, ಹೊನ್ನೆ, ನಂದಿ, ಕವಲು, ನೇರಲು ಮುಂತಾದ ಮರಗಳ ರೆಂಬೆಗಳನ್ನು ವರ್ಷವರ್ಷವೂ ಕಡಿದು ತಂದು ಕೊಟ್ಟಿಗೆಗೆ ಹಾಸುತ್ತಾರೆ. ದನಗಳ ಕಾಲಡಿಯಲ್ಲಿ ಅದು ಗೊಬ್ಬರವಾಗುತ್ತದೆ. ಗೊಬ್ಬರ ಅಡಿಕೆಯ ಬುಡವನ್ನು ಸೇರುತ್ತದೆ. ಮರ ಸಾಯದಂತೆ, ಆದರೆ ಚಿಗುರು ನಿಲ್ಲದಂತೆ ಕಡಿಯುವುದೇ ಇಲ್ಲಿಯ ವಿದ್ಯೆ. ಪ್ರತಿ ಮರದ ಮೈಯ ಮೇಲೂ ಹಳೆಯ ಕಡಿತದ ಗಂಟುಗಳಿದ್ದುದನ್ನು ಅಣ್ಣನ ಮಗ ಗಮನಿಸಿ, ಇದೇಕೆ ಹೀಗೆ ಎಂದು ಕೇಳಿದನು. ದೊಡ್ಡಪ್ಪನವರು ಒಂದು ಹೊನ್ನೆಯ ಗಂಟುಗಳನ್ನು ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ತೋರಿಸುತ್ತ, ಇಲ್ಲಿಯವರೆಗೆ ತಮ್ಮ ಅಪ್ಪ ಕಡಿದದ್ದು, ಇಲ್ಲಿಂದ ಮೇಲೆ ತಾವು ಕಡಿದದ್ದು ಎಂದು ವಿವರಿಸಿದರು. ಹುಡುಗನು ಆ ಮರವನ್ನು ಮುಟ್ಟಿ ನೋಡಿದನು. ಬಹಳ ಹೊತ್ತು ಮಾತಾಡಲಿಲ್ಲ.

ಬೆಟ್ಟದಿಂದ ಇಳಿದು ತೋಟವನ್ನು ಹೊಕ್ಕಾಗ ಕೊನೆಕೊಯ್ಲು ಆಗತಾನೆ ಪ್ರಾರಂಭವಾಗಿತ್ತು. ಕೊನೆಗೌಡನು ಒಂದು ಮರದ ತುದಿಯಲ್ಲಿದ್ದುಕೊಂಡೇ ಅದನ್ನು ಬಾಗಿಸಿ ಪಕ್ಕದ ಮರವನ್ನು ಹಿಡಿದು ಅದಕ್ಕೆ ದಾಟಿಕೊಳ್ಳುವುದನ್ನು, ಕೊಯ್ದ ಕೊನೆಯನ್ನು ಹಗ್ಗದ ಮೇಲೆ ಜಾರಿಬಿಟ್ಟಾಗ ಕೆಳಗಿರುವವನು ಅದನ್ನು ನೆಲ ತಾಗಗೊಡದೆ ಹಿಡಿಯುವುದನ್ನು ಮಕ್ಕಳು ಬಾಯಿ ಬಿಟ್ಟು ನೋಡಿದರು. 2019ರಲ್ಲಿ ಶಿರಸಿಯ ಅಡಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತೆಂಬ ವಾರ್ತೆಯನ್ನು ನಾನು ಪತ್ರಿಕೆಯಲ್ಲಿ ಓದಿದ್ದೆ. ಆ ಮಾನ್ಯತೆಯ ಹಿಂದೆ ಈ ಬೆಟ್ಟ, ಈ ಕೊಟ್ಟಿಗೆ, ಈ ಹಗ್ಗ ಇವೆಯೆಂಬುದು ಆ ದಿನ ಮನವರಿಕೆಯಾಯಿತು.

ತೋಟದ ಆಚೆಗೆ ಹಳ್ಳ, ಹಳ್ಳಕ್ಕೆ ಸಂಕ. ಘಟ್ಟದ ಜನರಿಗೆ ಸಂಕವನ್ನು ವರ್ಣಿಸಿ ಹೇಳಬೇಕಾದ್ದಿಲ್ಲ. ಬಯಲುಸೀಮೆಯ ವಾಚಕರಿಗಾಗಿ ಎರಡು ಮಾತು. ಅಡಿಕೆಯ ಮರದ ದಬ್ಬೆಗಳನ್ನೋ ಒಂದೆರಡು ದಿಮ್ಮಿಗಳನ್ನೋ ಹಳ್ಳದ ಮೇಲೆ ಅಡ್ಡಲಾಗಿ ಚಾಚಿ, ಬಳ್ಳಿಯಿಂದ ಬಿಗಿದು, ಒಂದು ಪಕ್ಕಕ್ಕೆ ಬಿದಿರಿನ ಕೈತಾಂಗು ಕಟ್ಟಿದರೆ ಅದೇ ಸಂಕ. ಮಳೆಗಾಲದಲ್ಲಿ ಎಷ್ಟೋ ಮನೆಗಳಿಗೂ ಶಾಲೆಗಳಿಗೂ ಅದೊಂದೇ ಸಂಬಂಧ. ನಾವು ದಾಟಿದ ಸಂಕದ ಉದ್ದ ಹದಿನೈದು ಹೆಜ್ಜೆ; ಅಗಲ ಒಂದೂವರೆ ಗೇಣು. ಅಣ್ಣನ ಮಗ ಮೂರು ಹೆಜ್ಜೆ ಇಟ್ಟು ನಿಂತುಬಿಟ್ಟನು. ಕೆಳಗೆ ಹರಿಯುವ ನೀರನ್ನು ದಿಟ್ಟಿಸಿದವನಿಗೆ ನೀರು ನಿಂತು ತಾನೇ ಚಲಿಸುತ್ತಿರುವಂತೆ ಭ್ರಮೆಯಾಗುತ್ತದೆ, ತಲೆ ತಿರುಗುತ್ತದೆ. ಆಚೆಯ ದಡದಿಂದ ದೊಡ್ಡಪ್ಪನವರು, “ಮಾಣಿ, ನೀರು ನೋಡಡ. ಆಚೆ ದಡ ನೋಡ್ಕ್ಯಂಡು ಬಾ” ಎಂದರು. ಹುಡುಗ ಬಂದನು. ಅವನ ಹಿಂದೆ, ನಾನು ಬೇಡವೆನ್ನುವ ಮೊದಲೇ, ಆಯಿ ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿಕೊಂಡು, ಇನ್ನೊಂದು ಕೈಯನ್ನು ಬಿದಿರಿಗೆ ತಾಗಿಸಿಯೂ ತಾಗಿಸದಂತೆ, ಹದಿನೈದು ಹೆಜ್ಜೆಗಳನ್ನು ಎಲ್ಲಿಯೂ ನಿಲ್ಲದೆ ದಾಟಿ ಬಂದಳು. ಬಾಲ್ಯದಲ್ಲಿ ಕಾಲು ಕಲಿತದ್ದನ್ನು ಕಾಲು ಮರೆತಿರಲಿಲ್ಲ. ಅಂದು ಆಕೆಯ ಮುಖದಲ್ಲಿ ಕಂಡ ಕಳೆ ನನ್ನ ಹಿಂದಿನ ವರ್ಷದ ವ್ಯಥೆಯನ್ನು ಬಹುಮಟ್ಟಿಗೆ ತೊಳೆಯಿತು.

ಎರಡನೆಯ ದಿನ ಸೋಂದೆ. ಆಡುಮಾತಿನ ಸೋದೆ. ಇದು ಸೋದೆಯ ನಾಯಕರ ರಾಜಧಾನಿಯಾಗಿದ್ದ ಸ್ಥಳ. ಶ್ರೀ ವಾದಿರಾಜರ ವೃಂದಾವನವಿರುವ ಕ್ಷೇತ್ರ. ಸ್ವರ್ಣವಲ್ಲಿಯ ಮಠವೂ ಜೈನಮಠವೂ ಇಲ್ಲಿಗೆ ಸಮೀಪದಲ್ಲಿಯೇ ಇವೆ. ಪ್ರವಾಸದ ವಿಷಯವನ್ನು ಬರೆಯುವವನಿಗೆ ಸೋದೆ ಇನ್ನೊಂದು ಕಾರಣದಿಂದ ಪೂಜ್ಯವಾದುದು. ಹದಿನಾರನೆಯ ಶತಮಾನದ ಆ ಯತಿವರ್ಯರು ಭರತಖಂಡದ ತೀರ್ಥಗಳನ್ನು ಸಂಚರಿಸಿ, ‘ತೀರ್ಥಪ್ರಬಂಧ’ವೆಂಬ ಸಂಸ್ಕೃತ ಕಾವ್ಯವನ್ನು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಭಾಗಗಳಲ್ಲಿ ರಚಿಸಿದರು. ನದಿಗಳನ್ನು ಒಂದೊಂದಾಗಿ ಹೆಸರಿಟ್ಟು ಕರೆದು ವಂದಿಸುತ್ತ ಸಾಗುವ ಪ್ರವಾಸಗ್ರಂಥವದು. ವಾಹನಗಳ ಮಾತೇ ಇಲ್ಲದ ಯುಗದಲ್ಲಿ ದೇಶವನ್ನೇ ಸುತ್ತಿದ ಒಬ್ಬ ಮಹಾಪಾದಚಾರಿ ಕೊನೆಗೆ ಶಾಲ್ಮಲೆಯ ತೀರದ ಈ ಕಾಡೂರನ್ನು ತನ್ನ ನೆಲೆಯಾಗಿ ಆರಿಸಿಕೊಂಡನೆಂಬುದನ್ನು ನೆನೆದಾಗ ನನ್ನ ಮನಸ್ಸು ತುಂಬಿಬರುತ್ತದೆ.

ಇನ್ನೊಬ್ಬ ಪ್ರವಾಸಿ 1801ರಲ್ಲಿ ಈ ದಾರಿಯಾಗಿ ಬಂದನು. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು, ಕೆನರಾ, ಮಲಬಾರುಗಳನ್ನು ಪರಿಶೀಲಿಸಹೊರಟ ವೈದ್ಯ ಫ್ರಾನ್ಸಿಸ್ ಬುಕಾನನ್. ಆತನ ದಿನಚರಿ 1807ರಲ್ಲಿ ಲಂಡನ್ನಿನಲ್ಲಿ ಮುದ್ರಣಗೊಂಡಿತು. ಅಡಿಕೆ, ಮೆಣಸು, ಏಲಕ್ಕಿಗಳ ಕೃಷಿಯನ್ನೂ ನೆಲದ ಗುಣವನ್ನೂ ಕಂದಾಯವನ್ನೂ ಆತನು ಊರಿಂದೂರಿಗೆ ವಿಚಾರಿಸಿ ಬರೆದುಕೊಂಡನು. ಒಬ್ಬನು ಭಕ್ತಿಯಿಂದ ನೋಡಿದನು, ಇನ್ನೊಬ್ಬನು ಲೆಕ್ಕದ ಕಣ್ಣಿನಿಂದ ನೋಡಿದನು; ಇಬ್ಬರೂ ನಿಧಾನವಾಗಿ ನೋಡಿದರು. ನಮ್ಮ ಮಕ್ಕಳ ಕೈಗೆ ಪ್ರವಾಸದಲ್ಲಿ ಒಂದು ನೋಟುಪುಸ್ತಕವನ್ನು ಕೊಡಬೇಕೆಂದು ನನಗೆ ತೋರಿದುದು ಬುಕಾನನ್ನನ ಸ್ಮರಣೆಯಿಂದಲೇ. ಅಣ್ಣನ ಮಗಳು ತನ್ನ ಪುಸ್ತಕದಲ್ಲಿ ಆ ದಿನ ಬರೆದುಕೊಂಡದ್ದು ಮುಂಡಿಗೆಕೆರೆಯ ವಿಷಯ. ಮುಂಡಿಗೆಯ ಪೊದೆಗಳಿಂದ ಆ ಹೆಸರು ಪಡೆದ ಸೋದೆಯ ಕೆರೆಯದು. ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಆ ಪೊದೆಗಳ ಮೇಲೆ ಗೂಡು ಕಟ್ಟುತ್ತವೆ. ನಾವು ಹೋದಾಗ ಗೂಡುಗಳು ಬರಿದಾಗಿದ್ದವು. ಆಕೆ ಬರಿದಾದ ಗೂಡುಗಳನ್ನೇ ಎಣಿಸಿ ಬರೆದುಕೊಂಡಳು.

ಸಹಸ್ರಲಿಂಗಕ್ಕೆ ಹೋಗುವವರು ಕಾಲವನ್ನು ತಿಳಿದು ಹೋಗಬೇಕು. ಶಾಲ್ಮಲೆಯ ಪಾತ್ರದಲ್ಲಿರುವ ಬಂಡೆಬಂಡೆಗಳ ಮೇಲೆಯೂ ಲಿಂಗವನ್ನೂ ಎದುರಿಗೆ ನಂದಿಯನ್ನೂ ಕಂಡರಿಸಿದ್ದಾರೆ. ಸೋದೆಯ ಅರಸು ಸದಾಶಿವರಾಯನ ಕಾಲದಲ್ಲಿ, ಎಂದರೆ 1678ರಿಂದ 1718ರ ಅವಧಿಯಲ್ಲಿ ಇವು ಆದವೆಂದು ಹೇಳುತ್ತಾರೆ. ಮಳೆಗಾಲದಲ್ಲಿ ಇವುಗಳ ಬಹುಭಾಗ ನೀರಿನ ಅಡಿಗೆ ಸೇರುತ್ತದೆ. ಕಾರ್ತಿಕ ಕಳೆದಂತೆ ನೀರು ಇಳಿದು ಒಂದೊಂದೇ ಲಿಂಗ ಮೇಲೇಳುತ್ತದೆ. ದಡದ ಮರದ ನೆರಳಿನಲ್ಲಿ ಕುಳಿತು ನೋಡಿದರೆ, ಪ್ರವಾಹವೇ ಅಭಿಷೇಕವಾಗುವಂತೆ ಕಲ್ಪಿಸಿದ ಆ ಹೆಸರಿಲ್ಲದ ಶಿಲ್ಪಿಗಳ ಭಾವನೆ ತಾನಾಗಿಯೇ ಅರ್ಥವಾಗುತ್ತದೆ. ಬಂಡೆಗಳು ಪಾಚಿಯಿಂದ ಜಾರುವುದರಿಂದ ಅವುಗಳ ಮೇಲೆ ಹಾರಿ ಹಾರಿ ಹೋಗುವುದು ಅಪಾಯ. ಲಿಂಗಗಳ ಮೇಲೆ ಕಾಲಿಟ್ಟು ಚಿತ್ರ ತೆಗೆಸಿಕೊಳ್ಳುವುದು ಅವಿನಯ. ಎರಡನ್ನೂ ನಾನು ಅಲ್ಲಿ ಕಂಡು ನೊಂದುಕೊಂಡೆನು.

ಹುಲೇಕಲ್ ಕಡೆಯ ಕಾಡಿನಲ್ಲಿ ನಡೆಯುವ ಮಕ್ಕಳಿಗೆ ಸಾಲ್ಕಣಿ ಎಂಬ ಊರಿನ ಕಥೆಯನ್ನು ಹೇಳದಿರುವುದು ತಪ್ಪಾಗುತ್ತದೆ. ಹಿಮಾಲಯದ ಚಿಪ್ಕೊ ಚಳವಳಿಯ ಸುದ್ದಿಯನ್ನು ಸುಂದರಲಾಲ ಬಹುಗುಣರಿಂದ ಕೇಳಿದ್ದ ಇಲ್ಲಿಯ ಜನರು, 1983ರ ಸೆಪ್ಟೆಂಬರ್ 8ರಂದು, ಕಡಿಯುವುದಕ್ಕೆ ಗುರುತು ಹಾಕಿದ್ದ ಮರಗಳಿದ್ದ ಅರಣ್ಯಕ್ಕೆ ಮಳೆಯಲ್ಲಿಯೇ ನಡೆದುಹೋಗಿ, ಕೊಡಲಿಗೂ ಮರಕ್ಕೂ ನಡುವೆ ತಮ್ಮ ಮೈಯನ್ನು ಒಡ್ಡಿ ಮರಗಳನ್ನು ಅಪ್ಪಿಕೊಂಡರು. ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಅಲ್ಲಿದ್ದರು. ಅದೇ ಅಪ್ಪಿಕೋ ಚಳವಳಿ. ಪಾಂಡುರಂಗ ಹೆಗಡೆಯವರು ಅದರ ಮುಂದಾಳುಗಳಲ್ಲೊಬ್ಬರು. ಸಂಸಾರ ಸಮೇತರಾಗಿ ಕಾಡಿಗೆ ನಡೆದುಹೋದ ಯಾತ್ರೆಗಳಲ್ಲಿ ನಮ್ಮ ನಾಡು ಕಂಡ ಅತ್ಯಂತ ಶ್ರೇಷ್ಠವಾದ ಯಾತ್ರೆ ಅದೆಂದು ನಾನು ತಿಳಿದಿದ್ದೇನೆ. ಇಂದು ಪ್ರವಾಸಿಗರು ಯಾವ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೋ ಆ ನೆರಳು ಉಳಿದಿರುವುದಕ್ಕೆ ಅಂದಿನ ಮಳೆಯಲ್ಲಿ ತೊಯ್ದ ಆ ಜನರೂ ಕಾರಣರು. ಬುತ್ತಿಯ ಪ್ಲಾಸ್ಟಿಕ್ ಹಾಳೆಯನ್ನು ಅಲ್ಲಿಯೇ ಬಿಟ್ಟು ಏಳುವವರು ಈ ಒಂದು ದಿನಾಂಕವನ್ನು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇನ್ನು ಜಲಪಾತಗಳ ವಿಷಯ. ಹುಲೇಕಲ್ಲಿನಿಂದ ಜಡ್ಡಿಗದ್ದೆಯ ಕಡೆಗೆ ಹೋದರೆ ಶಾಲ್ಮಲೆ ಸುಮಾರು 74 ಮೀಟರ್ ಧುಮುಕುವ ಶಿವಗಂಗೆ ಕಾಣುತ್ತದೆ. ಕಣಿವೆಯ ಈಚೆಯಿಂದಲೇ ಅದರ ಪೂರ್ಣದರ್ಶನವಾಗುತ್ತದೆ. ಯಲ್ಲಾಪುರದ ಬಳಿ ಬೇಡ್ತಿ ಎರಡು ಹಂತಗಳಲ್ಲಿ 200 ಮೀಟರ್ ಇಳಿಯುವ ಮಾಗೋಡು. ಅದಕ್ಕೆ ಸಮೀಪದ ಜೇನುಕಲ್ಲು ಗುಡ್ಡದಿಂದ ಸಂಜೆಯ ಸೂರ್ಯನನ್ನು ನೋಡಬಹುದು. ಕಾಳಿಯ ಹಿನ್ನೀರಿನ ಅಂಚಿನ ಸಾತೊಡ್ಡಿ ಎತ್ತರದಲ್ಲಿ ಕಿರಿದು, ವಿಸ್ತಾರದಲ್ಲಿ ಹಿರಿದು. ಇವೆಲ್ಲವನ್ನೂ ಒಂದೇ ಪ್ರವಾಸದಲ್ಲಿ ಪೂರೈಸುವ ಹಟಕ್ಕಿಂತ, ಒಂದು ನದಿಯನ್ನು ಹಿಡಿದು ಅದರ ಬೆನ್ನಿಗೆ ಹೋಗುವುದು ಉತ್ತಮವೆಂದು ನನ್ನ ಅನುಭವ.

ಮೂರನೆಯ ದಿನ ನಾವು ಅಘನಾಶಿನಿಯನ್ನು ಆರಿಸಿಕೊಂಡೆವು. ಬೆಳಿಗ್ಗೆ ಶಿರಸಿ ಪೇಟೆಯ ನಡುವೆಯೇ ಇರುವ ಶಂಕರಹೊಂಡದ ಮೆಟ್ಟಿಲ ಮೇಲೆ ಮಕ್ಕಳನ್ನು ಕೂರಿಸಿ, ಇಲ್ಲಿಂದ ಒಂದು ಕವಲು ಹೊರಡುತ್ತದೆ, ಮಂಜುಗುಣಿಯ ಕಡೆಯಿಂದ ಇನ್ನೊಂದು ಬರುತ್ತದೆ, ಎರಡೂ ಕೂಡಿ ಅಘನಾಶಿನಿಯಾಗುತ್ತದೆ, ಎಲ್ಲಿಯೂ ಅಣೆಕಟ್ಟಿಗೆ ಸಿಕ್ಕದೆ ಕುಮಟೆಯ ಬಳಿ ಕಡಲನ್ನು ಸೇರುತ್ತದೆ ಎಂದು ಹೇಳಿದೆನು. ಮಧ್ಯಾಹ್ನದ ಹೊತ್ತಿಗೆ ಸಿದ್ದಾಪುರ ತಾಲೂಕಿನ ಹೆಗ್ಗರಣೆಯನ್ನು ದಾಟಿ, ಕಾರಿನಿಂದ ಇಳಿದು ಕಾಡಿನಲ್ಲಿ ನಡೆದೆವು. ಕಣ್ಣಿಗೆ ಬೀಳುವುದಕ್ಕೆ ಬಹು ಮೊದಲೇ ಉಂಚಳ್ಳಿಯ ಧ್ವನಿ ಕಿವಿಗೆ ಬಿದ್ದಿತು. 116 ಮೀಟರ್ ಎತ್ತರದಿಂದ ಬೀಳುವ ನೀರಿನ ಮೊರೆತಕ್ಕೆ ಕಿವಿ ಕೇಳಿಸದಾಗುವುದರಿಂದ ಊರವರು ಅದನ್ನು ಕೆಪ್ಪಜೋಗವೆಂದರು. 1845ರಲ್ಲಿ ಅದನ್ನು ಕಂಡ ಜಿಲ್ಲಾಧಿಕಾರಿ ಲುಷಿಂಗ್ಟನ್ನನ ಹೆಸರನ್ನು ಸರ್ಕಾರದ ಕಾಗದಗಳು ಕೊಟ್ಟವು. ನನಗೆ ಊರವರು ಇಟ್ಟ ಹೆಸರೇ ಪ್ರಿಯ. ಅಣ್ಣನ ಮಗಳು ಬಹಳ ಹೊತ್ತು ದಿಟ್ಟಿಸಿ, “ಚಿಕ್ಕಪ್ಪ, ಬೆಳಿಗ್ಗೆ ನೋಡಿದ ಆ ಹೊಂಡದ ನೀರೇ ಇದು?” ಎಂದು ನನ್ನ ಕಿವಿಯ ಬಳಿ ಕೂಗಿ ಕೇಳಿದಳು. ಹಿಂದಿನ ವರ್ಷ ಇದೇ ಜಲಪಾತವನ್ನು ನೋಡಿದ್ದಳಾದರೂ ಆಗ ಆಕೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಅಘನಾಶಿನಿಯ ಕಣಿವೆಯ ಮಹಿಮೆ ಜಲಪಾತದಲ್ಲಿಯೇ ಮುಗಿಯುವುದಿಲ್ಲ. ಕೆಸರಿನಲ್ಲಿ ಮಂಡಿಯೂರಿದಂತೆ ಬೇರುಗಳನ್ನು ಮೇಲಕ್ಕೆ ಎತ್ತಿ ಉಸಿರಾಡುವ ರಾಮಪತ್ರೆಯ ಜಾತಿಯ ಮರಗಳ ಜೌಗುವನಗಳು ಈ ಸೀಮೆಯಲ್ಲಿ ಅಲ್ಲಲ್ಲಿ ಉಳಿದಿವೆ. ಸಿದ್ದಾಪುರದ ಕತ್ತಲೆಕಾನು ಅವುಗಳಲ್ಲಿ ಪ್ರಸಿದ್ಧವಾದುದು. ಸಿಂಗಳೀಕಗಳ ರಕ್ಷಣೆಗೆಂದು 2011ರಲ್ಲಿ ಈ ಕಣಿವೆಯ ಭಾಗವನ್ನು ಸಂರಕ್ಷಿತ ಪ್ರದೇಶವೆಂದು ಸರ್ಕಾರ ಘೋಷಿಸಿತು. ಇಂಥ ಕಾಡಿನೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡಬಾರದು. ಅನುಮತಿಯಿದ್ದರೂ ಊರಿನವರೊಬ್ಬರನ್ನು ಕರೆದುಕೊಳ್ಳದೆ ಹೋಗಬಾರದು.

ಯಾಣದ ಬಗೆಗೆ ನಮ್ಮ ಕಡೆಯಲ್ಲಿ ಒಂದು ಗಾದೆಯುಂಟು: ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ. ಮೈಯಲ್ಲಿ ಕಸುವಿಲ್ಲದವನಿಗೆ ಯಾಣದ ಕಾಡುದಾರಿ ಅಸಾಧ್ಯವೆಂದು ತಾತ್ಪರ್ಯ. ಈಗ ಅಲ್ಲಿಗೆ ಡಾಂಬರು ರಸ್ತೆಯಾಗಿದೆ; ವಾಹನ ನಿಲ್ಲುವ ತಾಣದಿಂದ ಮುಂದೆ ತೊರೆಯ ಪಕ್ಕದಲ್ಲಿ ಅಲ್ಪದೂರ ನಡೆದರೆ 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ 90 ಮೀಟರಿನ ಮೋಹಿನಿ ಶಿಖರವೂ ಎದುರಾಗುತ್ತವೆ. ಸುಣ್ಣಕಲ್ಲಿನ ಈ ಕರಿಯ ಬಂಡೆಗಳಿಗೂ ಭಸ್ಮಾಸುರನ ಬೂದಿಗೂ ಜನರು ಕಥೆ ಹೆಣೆದಿದ್ದಾರೆ. ರಸ್ತೆಯಾದದ್ದು ಒಳ್ಳೆಯದೋ ಕೆಟ್ಟದೋ ಎಂಬ ಚರ್ಚೆಯಲ್ಲಿ ನಾನು ವೃದ್ಧರ ಪಕ್ಷವನ್ನು ಹಿಡಿಯುತ್ತೇನೆ. ಆಮೇಲೊಮ್ಮೆ ಆಯಿ ತನ್ನ ಜೀವಮಾನದಲ್ಲಿ ಮೊದಲ ಸಲ ಯಾಣದ ದೇವರನ್ನು ಕಂಡದ್ದು ಆ ರಸ್ತೆಯ ದೆಸೆಯಿಂದಲೇ. ಆದರೆ ಈ ರಸ್ತೆ ಇಲ್ಲಿಗೇ ನಿಲ್ಲಬೇಕು; ಬಂಡೆಯ ಬುಡದವರೆಗೆ ಅದು ಬರಕೂಡದು. ಕೊನೆಯ ಅರ್ಧ ಮೈಲಿಯನ್ನು ನಡೆಯಲಾರದವರಿಗೆ ಹೊರುವ ಕೈಗಳನ್ನು ಒದಗಿಸಬಹುದು. ಕಾಡಿಗೆ ಹೋದ ಮೌನವನ್ನು ಮರಳಿ ಒದಗಿಸಲಾಗದು.

ಕಾಲವನ್ನು ಆರಿಸಿಕೊಳ್ಳುವ ವಿಷಯದಲ್ಲಿ ನಾನು ಕಟುವಾಗಿ ಮಾತಾಡಬೇಕಾಗಿದೆ. ಆಷಾಢ ಶ್ರಾವಣಗಳಲ್ಲಿ ಜಲಪಾತಗಳು ರುದ್ರರಮಣೀಯವಾಗಿರುತ್ತವೆ, ನಿಜ. ಶಿರಸಿಯ ಸುತ್ತ ವರ್ಷಕ್ಕೆ ಎರಡೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುತ್ತದೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆದರೆ ನೀರು ಕುಡಿದ ಗುಡ್ಡ ಯಾವಾಗ ಜಾರುವುದೆಂದು ಬಲ್ಲವರಿಲ್ಲ. 2021ರ ಜುಲೈ ತಿಂಗಳಿನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟಗಳೂ ಮನೆಗಳೂ ಗುಡ್ಡದೊಡನೆ ಕುಸಿದುಹೋದವು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಪ್ರಾಣಹಾನಿಯಾಯಿತು. ದೇವಿಮನೆ, ಅರಬೈಲು ಘಟ್ಟಗಳು ಮಕ್ಕಳನ್ನೂ ಮುದುಕರನ್ನೂ ಕೂರಿಸಿಕೊಂಡು ಸುರಿಮಳೆಯಲ್ಲಿ ಇಳಿಯತಕ್ಕ ದಾರಿಗಳಲ್ಲ. ಮೇಲೆ ಬಿಸಿಲಿದ್ದರೂ ದೂರದ ಉಗಮದ ಕಡೆಯಲ್ಲಿ ಬಿದ್ದ ಮಳೆ ಹೊಳೆಯನ್ನು ಕ್ಷಣಾರ್ಧದಲ್ಲಿ ಏರಿಸುವುದುಂಟು. ಜಲಪಾತದ ಬುಡಕ್ಕೆ ಇಳಿಯಬೇಡಿರೆಂದು ಊರಿನವರು ಹೇಳಿದರೆ, ಅದು ಆ ಹೊಳೆ ಈ ಹಿಂದೆ ಯಾರನ್ನೋ ತೆಗೆದುಕೊಂಡುದನ್ನು ಕಂಡವರ ಮಾತೆಂದು ತಿಳಿಯತಕ್ಕದ್ದು.

ಮಳೆಗಾಲದ ಉಂಬಳಗಳಿಗೆ ಹೆದರಬೇಕಾದ್ದಿಲ್ಲ. ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಂಡು, ಅದನ್ನು ತುಸು ಒದ್ದೆಮಾಡಿ ತಾಗಿಸಿದರೆ ಉಂಬಳ ತಾನೇ ಬಿಟ್ಟುಬೀಳುತ್ತದೆ. ಎಚ್ಚರಿಕೆ ಬೇಕಾದುದು ಒಣಗಾಲದ ಉಣುಗಿನ ವಿಷಯದಲ್ಲಿ. 1957ರಲ್ಲಿ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣುಗುಗಳ ಮೂಲಕ ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಭಯ ಹೆಚ್ಚು. ಸಿದ್ದಾಪುರದ ಕಡೆಯಲ್ಲಿ ಈಚಿನ ವರ್ಷಗಳಲ್ಲಿಯೂ ಅದು ಜೀವ ತೆಗೆದಿದೆ. ಆ ದಿನಗಳಲ್ಲಿ ಕಾಡಿಗೆ ಹೋಗುವ ಮೊದಲು ಸ್ಥಳೀಯ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಮೈತುಂಬ ಬಟ್ಟೆ ಧರಿಸಿ, ಅವರು ಕೊಡುವ ಎಣ್ಣೆಯನ್ನು ಕೈಕಾಲುಗಳಿಗೆ ಲೇಪಿಸಿಕೊಳ್ಳಬೇಕು. ದರಕಿನ ಮೇಲೆ ಕೂರಬಾರದು. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಗಳಿಗೂ ಬಿಸಿನೀರು. ಸತ್ತ ಮಂಗ ಕಂಡುಬಂದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕು.

ಕೊನೆಯ ಎರಡು ದಿನ ನಾವು ಎಲ್ಲಿಗೂ ಹೋಗಲಿಲ್ಲ. ಹಿತ್ತಿಲಿನಿಂದ ಬೆಟ್ಟಕ್ಕೆ, ಬೆಟ್ಟದಿಂದ ಹಳ್ಳಕ್ಕೆ, ಹಳ್ಳದಿಂದ ಆಚೆಯ ಕೇರಿಗೆ ನಡೆದೆವು. ಪ್ರತಿ ಮನೆಯಲ್ಲಿಯೂ, “ಆಸ್ರಿಗೆ ಎಂತಡ್ಡಿಲ್ಲೆ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಮಜ್ಜಿಗೆಯನ್ನೋ ಮುರುಗಲಿನ ಪಾನಕವನ್ನೋ ತಂದಿಟ್ಟರು. ಒಂದು ಮನೆಯಲ್ಲಿ ಭರಣಿಯ ಮುಚ್ಚಳ ತೆಗೆದು, ಹೊಳೆಯಂಚಿನ ಮರದ ಅಪ್ಪೆಮಿಡಿಯೊಂದನ್ನು ಬಟ್ಟಲಿಗೆ ಹಾಕಿ ಕೊಟ್ಟರು. ಅದರ ಪರಿಮಳ ಜಗಲಿಯವರೆಗೂ ಬಂದಿತು. ಆಯಿ ಕಣ್ಣುಮುಚ್ಚಿ ಮೂಸಿ, ಇದು ಇಂಥ ಹೊಳೆಯ ಕಡೆಯ ಮಿಡಿ ಎಂದಳು, ಮನೆಯೊಡತಿ ಹೌದೆಂದಳು. ರಾತ್ರಿ ಊಟಕ್ಕೆ ತಂಬುಳಿ, ಅಪ್ಪೆಹುಳಿ. ಊಟದ ಬಳಿಕ ಜಗಲಿಯಲ್ಲಿ ಅಡಿಕೆ ಸುಲಿಯುವವರ ಮಾತುಕತೆ. ನಗರದ ಹೊಟೆಲಿನ ತಿಂಡಿಯನ್ನೇ ಇಲ್ಲಿಯೂ ಕೇಳುವ ಅತಿಥಿಗಳಿಗಾಗಿ ಹೋಂಸ್ಟೇಗಳವರು ತಂಬುಳಿಯನ್ನು ಕೈಬಿಡುತ್ತಿರುವುದನ್ನು ಕೇಳಿದಾಗ ನನಗೆ ದುಃಖವಾಯಿತು. ಮನೆಯವರು ತಾವು ಉಣ್ಣುವುದನ್ನೇ ಬಡಿಸಲಿ. ಬಂದವರು ಅದನ್ನೇ ಕೇಳಿ ಉಣ್ಣಲಿ.

ವಾಚಕರಲ್ಲಿ ನನ್ನ ವಿನಂತಿ ಇಷ್ಟೇ. ಈ ಬಾರಿಯ ರಜೆಗೆ ಮಲೆನಾಡಿಗೆ ಬರುವುದಾದರೆ ಮನೆಯ ಹಿರಿಯರನ್ನು ಬಿಟ್ಟು ಬರಬೇಡಿರಿ. ಒಂದೇ ಊರಿನಲ್ಲಿ ನಾಲ್ಕು ದಿನ ತಂಗಿರಿ. ಬೆಟ್ಟ ಒಬ್ಬರ ಉಪಜೀವನದ ನೆಲೆ, ತೋಟ ಒಬ್ಬರ ದುಡಿಮೆ. ಒಳಗೆ ಕಾಲಿಡುವ ಮೊದಲು ಮನೆಯವರನ್ನು ಕೇಳಿರಿ. ಮಳೆ ನಿಂತು ಹಳ್ಳಗಳು ತಿಳಿಯಾಗುವುದು ಕಾರ್ತಿಕದ ಹೊತ್ತಿಗೆ. ಅಲ್ಲಿಂದ ಒಂದೆರಡು ತಿಂಗಳು ಹುಲೇಕಲ್ ಸೀಮೆಯ ಸಂಕಗಳನ್ನು ಎಂಬತ್ತರ ವೃದ್ಧೆಯೂ ದಾಟಬಹುದು.